ಸಂತೆಯಲ್ಲಿ ಬಿಟ್ಟ ಕೈ

ಹುಣಸೂರಿನ ಸಂತೆಯಲ್ಲಿ ನಿನ್ನ ಅವ್ವನ ಕೈಯನ್ನು ಬಿಟ್ಟವನು ನಾನು, ಗೌರಿ. ಜನ ನುಗ್ಗಿ ತಪ್ಪಿಹೋದದ್ದಲ್ಲ, ಅವಳು ಕೊಸರಿಕೊಂಡದ್ದೂ ಅಲ್ಲ — ನಾನೇ, ತಿಳಿದೂ ತಿಳಿದೂ ಬಿಟ್ಟೆ. ಇಷ್ಟು ವರ್ಷ ನೀನು ಕೇಳಿಕೊಂಡು ಬಂದದ್ದು ಸುಳ್ಳು.

ಮದುವೆಯಾಗಿ ಬಂದಾಗ ಅವಳು ಹೀಗಿರಲಿಲ್ಲ. ಪ್ಲೇಗಿನ ವರ್ಷ ತವರೂರು ಭೇರ್ಯಕ್ಕೆ ಹೋಗಿದ್ದಳು. ಊರು ಖಾಲಿ ಮಾಡಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿ ಅವಳ ಕಣ್ಣೆದುರೇ ತಾಯಿ ಹೋದರು, ಹಿಂದೆಯೇ ತಮ್ಮನೂ ಹೋದ. ಹುಣಸೂರಿಗೆ ಮರಳಿದ ಮೇಲೆ ಭಯ ಅವಳನ್ನು ಬಿಡಲೇ ಇಲ್ಲ. ಹೊಸ್ತಿಲು ದಾಟಿದರೆ ಎದೆ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಉಸಿರು ಸಿಕ್ಕಿಕೊಳ್ಳುವುದು. "ಸತ್ತೋಯ್ತೀನಿ ಕಣ್ರೀ" ಎಂದು ಗೋಡೆ ಹಿಡಿದು ಕೂರುತ್ತಿದ್ದಳು. ತಾಯಿತ ಕಟ್ಟಿಸಿದೆವು, ಬೇವಿನ ಸೊಪ್ಪಿನಿಂದ ಹೊಡೆಸಿದೆವು. ಪಾಪ, ಹೊಡೆಸಿಕೊಂಡಳು.

ಕೊನೆಗೆ ಆಸ್ಪತ್ರೆಯ ಡಾಕ್ಟರು ಮನೆಗೆ ಬಂದರು. ವಯಸ್ಸಾದವರು. ಅವಳು ಹೇಳಿದ್ದನ್ನೆಲ್ಲ ಕೂತು ಕೇಳಿದರು. ಹೊರಡುವಾಗ ನನ್ನನ್ನು ಜಗಲಿಗೆ ಕರೆದರು.

"ಎದೆಯಲ್ಲಿ ಏನೂ ರೋಗ ಇಲ್ಲ. ಹಾಗಂತ ಭಯ ಸುಳ್ಳಲ್ಲ. ದಿನಾ ಸ್ವಲ್ಪ ಸ್ವಲ್ಪ ದೂರ ಕರೆದುಕೊಂಡು ಹೋಗಿ. ಹೆದರಿಕೆ ಬಂದರೆ ವಾಪಸ್ ಓಡಬೇಡಿ, ಅಲ್ಲೇ ನಿಲ್ಲಿ. ತಾನಾಗಿ ಇಳಿಯುತ್ತೆ. ಕೈ ಹಿಡಿದುಕೊಂಡಿರಿ. ಅವರಾಗಿ ಬಿಡೋವರೆಗೂ ನೀವು ಬಿಡಬೇಡಿ."

ಹಾಗೇ ಶುರು ಮಾಡಿದೆವು. ಮೊದಲು ಬಾವಿಕಟ್ಟೆ, ಆಮೇಲೆ ಮಾರಮ್ಮನ ಗುಡಿ. ಹೋಗುತ್ತಾ ಹೋಗುತ್ತಾ ಒಂದು ಬೆಳಿಗ್ಗೆ ಹೊಳೆಯವರೆಗೂ ನಡೆದಳು. ಮುಖ ತೊಳೆದುಕೊಂಡು ನನ್ನತ್ತ ತಿರುಗಿ ನಕ್ಕಳು — ಆ ನಗುವನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ.

ಆದರೆ ಗೌರಿ, ಆ ಕಾಲದಲ್ಲಿ ಹೆಂಡತಿಯ ಕೈ ಹಿಡಿದು ಬೀದಿಯಲ್ಲಿ ನಡೆಯುವ ಗಂಡಸನ್ನು ಯಾರು ಕಂಡಿದ್ದರು? ನಾನು ಮರದ ಮಂಡಿಯಲ್ಲಿ ಗುಮಾಸ್ತ. ಗಾಡಿ ಹೊಡೆಯುವವರು ಕೇಳುತ್ತಿದ್ದರು: "ಏನ್ ಗುಮಾಸ್ತ್ರೇ, ಅಮ್ಮಾವ್ರು ಕಳ್ದೋಯ್ತಾರಾ?" ನಾನೂ ನಕ್ಕುಬಿಡುತ್ತಿದ್ದೆ. ಒಳಗೆ ಬೇಯುತ್ತಿದ್ದೆ.

ಸಂತೆಗೆ ಹೋಗೋಣವೆಂದು ಅವಳೇ ಕೇಳಿದಳು. "ಮಗೀಗೆ ಬಳೆ ನಾನೇ ಆರಿಸ್ಬೇಕು" ಎಂದಳು. ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆವು. ಅಂಗೈ ಬೆವರುತ್ತಿತ್ತು, ಆದರೂ ನಡೆದಳು. ಬಳೆ ಸಾಹೇಬರ ಅಂಗಡಿ ಮುಂದೆ ಕೂತು ಒಂದು ಕೈಯಲ್ಲಿ ಬಳೆ ನೋಡುತ್ತಿದ್ದಳು. ಆಗ ಮಂಡಿಯ ಯಜಮಾನರು ಎದುರಿನಿಂದ ಬರುವುದು ಕಂಡಿತು.

ಬಿಟ್ಟೆ.

ಒಬ್ಬನೇ ಬಂದವನ ಹಾಗೆ ಮುಂದೆ ಹೋಗಿ ಕೈ ಮುಗಿದೆ. ಏನೋ ತೇಗದ ದಿಮ್ಮಿಯ ಮಾತು ತೆಗೆದೆ. ಹಿಂದೆ ಅವಳು ಕೂಗಿದ್ದು — "ಏನೂಂದ್ರೆ... ಎಲ್ಲಿದೀರಿ..." — ಕೇಳಿಸಿತು. ಚೆನ್ನಾಗಿ ಕೇಳಿಸಿತು. ತಿರುಗಲಿಲ್ಲ.

ಯಜಮಾನರು ಹೋದ ಮೇಲೆ ಓಡಿಬಂದೆ. ಅವಳು ಧೂಳಿನಲ್ಲಿ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು. ಸುತ್ತ ಜನ. ಸಾಹೇಬರು ಟವೆಲ್ಲಿನಿಂದ ಗಾಳಿ ಹಾಕುತ್ತಾ, "ಎಲ್ಲಿಗೆ ಹೋಗ್ಬಿಟ್ರಿ ಸ್ವಾಮಿ?" ಎಂದರು. "ಜನದಲ್ಲಿ ಕೈ ತಪ್ಪೋಯ್ತು" ಎಂದೆ.

ಮನೆಗೆ ಬರುವಾಗ ಗಾಡಿಯಲ್ಲಿ ಕೇಳಿದಳು: "ನಾನೇ ಬುಟ್ಟುಬುಟ್ನಾ?"

ಆಗಲಾದರೂ ಹೇಳಬಹುದಿತ್ತು. "ಊಂ, ನೀನೇ ಕೊಸರಿಕೊಂಡೆ" ಎಂದೆ.

ಮತ್ತೆ ಶುರು ಮಾಡೋಣವೆಂದು ಡಾಕ್ಟರು ಬಂದರು. "ನನ್ ಕೈಯೇ ನನ್ ಮಾತು ಕೇಳಾಕಿಲ್ಲ ಬುಡಿ, ಇನ್ನು ನಾನೆಲ್ಲಿ ಓಗ್ಲಿ?" ಎಂದಳು. ಭಯವನ್ನು ಹೇಗೋ ತಡೆದುಕೊಂಡಿದ್ದಳು, ಆದರೆ ಅವಳಿಗೆ ತನ್ನ ಮೇಲಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೆ. ಅಲ್ಲಿಂದಾಚೆ ಅವಳು ಹೊಸ್ತಿಲು ದಾಟಲಿಲ್ಲ.

ಪಿರಿಯಾಪಟ್ಟಣದಲ್ಲಿ, ಗಂಡಿನ ಮನೆ ಮುಂದಿನ ಚಪ್ಪರದಲ್ಲಿ, ನಿನ್ನನ್ನು ಧಾರೆ ಎರೆದದ್ದು ಚಿಕ್ಕಪ್ಪ ಚಿಕ್ಕಮ್ಮ. "ಎತ್ತೋಳಿಗೆ ಮನ್ಸಿದ್ದಿದ್ರೆ ಬತ್ತಿದ್ಲು" ಎಂದು ನೀನು ಅತ್ತೆ. ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಎಷ್ಟು ಪಾಡುಪಟ್ಟರು ಎಂದು ನೆಂಟರೆಲ್ಲ ನನ್ನನ್ನು ಹೊಗಳಿದರು. ಅದನ್ನೂ ಕೇಳಿಸಿಕೊಂಡೆ.

ಕಳೆದ ತಿಂಗಳು ಅವಳಿಗೆ ಜ್ವರ ಬಂದಾಗ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಯಜಮಾನರು ಬಂದದ್ದು, ಅವಳ ಕೂಗು ಕೇಳಿಸಿದ್ದು, ಎಲ್ಲ. ಅವಳು ನನ್ನ ತಲೆ ಸವರಿದಳು.

"ನನ್ ಸಮಾಧಾನಕ್ಕೆ ಯಾಕೆ ಇಲ್ದಿರಾದು ಏಳ್ತೀರಿ? ನಾನೇ ಅಲ್ವಾ ಬುಡಿಸ್ಕೊಂಡಿದ್ದು. ನಿಮ್ಮಂಥೋರು ಯಾರಿಗ್ ಸಿಕ್ತಾರೆ."

ಆಣೆ ಮಾಡಿದೆ. ನಂಬಲಿಲ್ಲ. ಅಷ್ಟು ವರ್ಷ ನಾನೇ ನಂಬಿಸಿದ್ದನ್ನು ಈಗ ನನ್ನಿಂದಲೇ ಕೀಳಲಾಗುತ್ತಿಲ್ಲ. ನಿಜ ಹೇಳಿಯೂ ಒಳ್ಳೆಯವನೇ ಆದೆ — ಇದಕ್ಕೆ ಏನು ಮಾಡಲಿ?

ನೀನಾದರೂ ನಂಬು. ಅವಳ ಮೇಲೆ ಇಟ್ಟುಕೊಂಡಿರುವ ಸಿಟ್ಟು ನನಗೆ ಸೇರಬೇಕಾದದ್ದು. ಬಾ, ನನ್ನನ್ನು ಮಾತಾಡಿಸದಿದ್ದರೂ ಸರಿ. ಒಳಗೆ ಹೋಗಿ ನಿನ್ನ ಅವ್ವನ ಹತ್ತಿರ ಕೂತುಕೋ.