ಬಾರಿನ ಗೋಡೆಗೆ ಬರೆದ ಮುಖ

ಕುಣಿಗಲ್‌ನ ಬಾರಿನ ಗೋಡೆಯ ಮೇಲೆ ಗ್ಲಾಸು ಹಿಡಿದು ನಗುತ್ತಿದ್ದ ಹೆಂಗಸಿನ ಮುಖ ನಿಮ್ಮದೇ, ಶಾರದಾ. ಗೊತ್ತಿದ್ದೇ ಬರೆದೆ. ನಿಮಗೆ ನೋವಾಗಲಿ ಎಂದೇ ಬರೆದೆ.

ಆಗಿನ್ನೂ ತೊಂಬತ್ತರ ದಶಕ. ಬಟವಾಡಿಯಲ್ಲಿ ನನ್ನದೊಂದು ಬೋರ್ಡ್ ಬರೆಯುವ ಅಂಗಡಿ. ಗುಬ್ಬಿಯಿಂದ ನಿಮ್ಮ ಸಂಬಂಧ ಬಂದಿತ್ತು. ನಾನು ನೋಡಿ ಹೋದ ಮೇಲೆ, 'ಅವ್ರು ಮಾತಾಡೋ ರೀತಿ ನಂಗೆ ಸರಿಬರ್ಲಿಲ್ಲ' ಎಂದಿರಂತೆ. ಅಷ್ಟೇ — ಬೈದಿರಲಿಲ್ಲ, ಹೀಯಾಳಿಸಿರಲಿಲ್ಲ. ಆದರೂ ನಿಮ್ಮ ಫೋಟೊ ವಾಪಸ್ ಕಳಿಸದೆ ಇಟ್ಟುಕೊಂಡೆ.

ಮರುವರ್ಷ ಕುಣಿಗಲ್‌ನ ಬಾರಿನವನು ಹೊರಗೋಡೆ ತುಂಬ ಚಿತ್ರ ಬೇಕೆಂದ. ಅದೇ ರಸ್ತೆಯ ಶಾಲೆಯಲ್ಲಿ ನೀವು ಟೀಚರ್ ಎಂಬುದು ನನಗೆ ತಿಳಿದಿತ್ತು. ಸಾರುವೆ ಕಟ್ಟಿಸಿ ಹತ್ತಿ, ಸ್ಪ್ರೇ ಗನ್ನಿನಲ್ಲಿ ಕೆನ್ನೆಯ ನೆರಳು ತಂದೆ. ತುಟಿಯ ಮೇಲಿನ ಮಚ್ಚೆಯನ್ನೂ ಬಿಡಲಿಲ್ಲ. ಇಳಿದು ದೂರ ನಿಂತು ನೋಡಿ ಹಿಗ್ಗಿದೆ. 

ಬಾರಿನ ಮುಂದೆ ನಾನಿನ್ನೂ ಸಾಮಾನು ಕಟ್ಟುತ್ತಿದ್ದಾಗ ನೀವೇ ಬಂದು ಕೇಳಿದಿರಿ. 'ಈ ಮುಖ ನಂದಲ್ವಾ?'

'ಯಾವ್ದೋ ಕ್ಯಾಲೆಂಡರ್ ನೋಡ್ಕೊಂಡ್ ಬರ್ದಿದ್ದು ಕಣ್ರೀ. ನಿಮ್ಗ್ಯಾಕ್ ಹಂಗನ್ನಿಸ್ತು?' ಎಂದೆ. ಬಾಗಿಲಲ್ಲಿದ್ದ ಗಂಡಸರು ನಕ್ಕರು. ಕೇಳಿದ್ದೇ ತಪ್ಪೇನೋ ಎಂಬಂತೆ ನೀವು ತಲೆ ತಗ್ಗಿಸಿ ಹೋದಿರಿ.

ಆಮೇಲೆ ನಿಮ್ಮ ಅಪ್ಪ ಬಂದರು. ಹಗಲಲ್ಲೇ ಏಣಿ ಹಾಕಿ ಆ ಮುಖಕ್ಕೆ ಸುಣ್ಣ ಬಳಿದರು. ಬಾರಿನವರು ಎಳೆದಾಡಿದಾಗ ಬಿದ್ದು ಕೈ ಮುರಿದುಕೊಂಡರು. ಚಿತ್ರ ಸರಿಮಾಡಲು ಬಾರಿನವರು ಮರುದಿನ ನನ್ನನ್ನು ಕರೆಸಿದರು. ಮೂಗು ತಿದ್ದಬಹುದಿತ್ತು, ಮಚ್ಚೆ ಅಳಿಸಬಹುದಿತ್ತು. ನಾನು — ಮೊದಲಿಗಿಂತ ಹೆಚ್ಚು ನಿಮ್ಮಂತೆಯೇ ಬರೆದೆ.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಕೈಗೆ ಪಟ್ಟಿ ಕಟ್ಟಿಕೊಂಡೇ ನಿಮ್ಮ ಅಪ್ಪ ನನ್ನ ಅಂಗಡಿಗೆ ಬಂದಿದ್ದರು. 'ನಿಜ ಹೇಳಪ್ಪಾ, ಆ ಫೋಟೊ ನಿನ್ ತಾವ್ಲೇ ಐತಾ?'

ಫೋಟೊ ಪಕ್ಕದ ಡ್ರಾಯರಿನಲ್ಲೇ ಇತ್ತು. 'ಇಲ್ಲ ಸಾರ್, ನಿಮ್ ಮಗಳೇ ಬಾರ್‌ನೋರಿಗೆ ಕೊಟ್ಟವ್ರೆ' ಎಂದೆ.

ಅವರು ಬೆಂಚು ಹಿಡಿದು ನಿಧಾನವಾಗಿ ಎದ್ದು ಹೋದರು. ಆ ಮಾತು ನಿಮ್ಮ ನೆಂಟರಿಗೂ ಶಾಲೆಗೂ ಮುಟ್ಟಿತು. ಕೆಲಸ ಕಳೆದುಕೊಂಡು ನೀವು ಗುಬ್ಬಿಗೆ ಹೋದಿರಿ. ಅಪ್ಪ ಕೊನೆಯವರೆಗೂ ನಿಮ್ಮೊಡನೆ ಸರಿಯಾಗಿ ಮಾತಾಡಲಿಲ್ಲವೆಂದು ಆಮೇಲೆ ಕೇಳಿದೆ. ಕೇಳಿಯೂ ಸುಮ್ಮನಿದ್ದೆ — ವರ್ಷಗಟ್ಟಲೆ.

ಹೋದ ವಾರ ಕುಣಿಗಲ್‌ಗೆ ಹೋಗಿ, ನಿಮ್ಮನ್ನು ಕೆಲಸ ಬಿಡಿಸಿದ ಹೆಡ್‌ಮೇಡಂಗೆ ಎಲ್ಲವನ್ನೂ ಹೇಳಿದೆ. ಈಗ ಅವರಿಗೆ ವಯಸ್ಸಾಗಿದೆ. ಎಲ್ಲ ಕೇಳಿಸಿಕೊಂಡು ಅಂದರು:

'ಆ ಹುಡ್ಗಿ ನನ್ ಮುಂದೆ ಅತ್ಬುಟ್ಟು, ನಾನ್ ಕೊಟ್ಟಿಲ್ಲ ಮೇಡಂ ಅಂದ್ಲು. ನಾನ್ ನಂಬ್ಲಿಲ್ಲ. ನೀನು ಎದ್ದೋಗಪ್ಪ ಇಲ್ಲಿಂದ.'

ಎದ್ದು ಬಂದೆ. ನಾಳೆ ಗುಬ್ಬಿಗೆ ಹೋಗುತ್ತೇನೆ. ನಿಮ್ಮ ಬಾಗಿಲಿಗೆ ಬರುವುದಿಲ್ಲ, ಆ ಮುಖ ನನಗಿಲ್ಲ. ನನ್ನ ಸುಳ್ಳನ್ನು ನಂಬಿದ ನಿಮ್ಮ ನೆಂಟರ ಮನೆಗಳಿಗೆ ಹೋಗಿ ಹೇಳುತ್ತೇನೆ. ಅವರು ಉಗಿದರೆ ಉಗಿಸಿಕೊಳ್ಳುತ್ತೇನೆ. ನಿಮ್ಮಿಂದ ಕ್ಷಮೆ ಮಾತ್ರ ಕೇಳುವುದಿಲ್ಲ.