ಬಳೆಯ ಮಣೆಗೆ ಬಿದ್ದ ಜುಲ್ಮಾನೆ

ನಮ್ಮ ಸಿಂಧನೂರಿನ ಬಜಾರಿಗೆ ಅಭಿವೃದ್ಧಿ ಬಂದದ್ದು ಒಂದು ಡಬ್ಬಿ ಹಳದಿ ಬಣ್ಣದ ರೂಪದಲ್ಲಿ. ಒಂದು ಮುಂಜಾನೆ ಅಂಗಡಿಯ ಷಟರ್ ಎತ್ತಿ ನೋಡಿದರೆ ನನ್ನ ಮೆಟ್ಟಿಲ ಮುಂದೆ ಉದ್ದಕ್ಕೆ ಹಳದಿ ಗೆರೆ, ಪಕ್ಕಕ್ಕೊಂದು ಬೋರ್ಡು. ಗೆರೆಯೊಳಗೆ ಗಾಡಿ ನಿಲ್ಲಿಸಿದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಗೆರೆ ದಾಟಿದರೆ ಜುಲ್ಮಾನೆ. ಈ ಬಜಾರಿಗೆ ಬಾರದೇ ಇದ್ದರೆ ಎರಡೂ ಇಲ್ಲ ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಅದನ್ನು ಗಿರಾಕಿಗಳು ತಾವೇ ಓದಿಕೊಂಡರು.

ನನ್ನದು ಬಳೆ ಅಂಗಡಿ. ಹಾಗೆ ನೋಡಿದರೆ ಅದು ನಮ್ಮತ್ತೆಯದು. ಅವರು ಹರೆಯದಲ್ಲಿ ಮಲಾರ ಹೊತ್ತವರು. ಮಲಾರವೆಂದರೆ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಹೆಗಲಿಗೆ ಹಾಕಿಕೊಳ್ಳುವ ಗೊಂಚಲು. ಅದನ್ನು ಹೊತ್ತು ಮಸ್ಕಿಯಿಂದ ಲಿಂಗಸುಗೂರಿನ ತನಕ ಹಳ್ಳಿ ಹಳ್ಳಿ ತಿರುಗಿ, ಹಿಮ್ಮಡಿ ಒಡೆದು, ನಾಯಿಗಳಿಂದ ಬೆನ್ನಟ್ಟಿಸಿಕೊಂಡು, ಕಂಡವರ ಕಟ್ಟೆಯಲ್ಲಿ ನೀರು ಕೇಳಿ ಕುಡಿದು ಕಡೆಗೊಮ್ಮೆ ಈ ಸಣ್ಣ ಜಾಗ ಹಿಡಿದರು. ಅಂಗಡಿ ಪೂಜೆಯ ದಿನ ಹೊಸ ಸೊಸೆಯಾಗಿದ್ದ ನನಗೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ನಮ್ಮ ಮನಿ ಹೆಣ್ಮಕ್ಕಳು ಮಲಾರ ಹೊರೂದು ಇವತ್ತಿಗೆ ಮುಗೀತು. ಇನ್ನ ನಾವು ಕುಂತಲ್ಲಿಗೆ ಮಂದಿ ಬರ್ತಾರ."

ನನ್ನ ಮಟ್ಟಿಗೆ ಈ ಅಂಗಡಿ ಎಂದರೆ ಆ ಮಾತು. ಅದೊಂದು ಉಳಿದರೆ ಸಾಕು ಎಂದುಕೊಂಡೇ ಇಷ್ಟು ವರ್ಷ ಷಟರ್ ಎತ್ತಿದ್ದೇನೆ. ಅತ್ತೆ ಈಗಲೂ ಮೂಲೆಯ ದಿಂಬಿಗೊರಗಿ ಕುಳಿತು ಬಂದವರ ಕೈ ನೋಡಿಯೇ ಅಳತೆ ಹೇಳುತ್ತಾರೆ.

ಗೆರೆ ಬೇಕೆಂದು ನಗರಸಭೆಗೆ ಅರ್ಜಿ ಹಿಡಿದು ಅಲೆದವರು ಬೇರೆ ಯಾರೂ ಅಲ್ಲ, ನಮ್ಮ ಬಜಾರದ ವ್ಯಾಪಾರಿಗಳೇ. ಲಿಂಗಸುಗೂರಿಗೆ ನೌಕರಿಗೆ ಹೋಗುವವರು ಮುಂಜಾನೆ ನಮ್ಮ ಅಂಗಡಿಗಳ ಮುಂದೆ ಬೈಕು ನಿಲ್ಲಿಸಿ, ಬಸ್ಸು ಹತ್ತಿ, ಸಂಜೆ ಬಂದು ಒಯ್ಯುತ್ತಾರೆ, ಗಿರಾಕಿಗೆ ಜಾಗವಿಲ್ಲ ಎಂಬುದು ಇವರ ದೂರು. ಗೆರೆ ಬಿದ್ದ ಮೇಲೆ ತಿಳಿದದ್ದೇನೆಂದರೆ ಅರ್ಧಕ್ಕರ್ಧ ಬೈಕು ಇವರವೇ. ಬಟ್ಟೆ ಅಂಗಡಿಯವನು ತನ್ನ ಅಂಗಡಿ ಮುಂದೆ ಜಾಗ ಖಾಲಿ ಇರಲೆಂದು ಪಾತ್ರೆ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದ, ಪಾತ್ರೆಯವನು ಬಟ್ಟೆಯವನ ಮುಂದೆ. ಹೀಗೆ ಪರಸ್ಪರ ಸಹಕಾರದಿಂದ ಬಜಾರು ತುಂಬಿತ್ತು. ಬೋರ್ಡು ನಿಂತ ದಿನ ಎಲ್ಲರಿಗೂ ಪೇಢೆ ಹಂಚಿದರು, ನಾನೂ ತಿಂದೆ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟವರು ಪೇಢೆ ಹಂಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಮ್ಮ ಕಡೆಯ ಗಿರಾಕಿಗೆ ಒಂದು ಪದ್ಧತಿ ಇದೆ. ಮೊದಲ ಅಂಗಡಿಯಲ್ಲಿ ಏನನ್ನೂ ಕೊಳ್ಳುವುದಿಲ್ಲ. ಅಲ್ಲಿ ಕುಳಿತು, ಚಹಾ ಕುಡಿದು, ಎಲ್ಲವನ್ನೂ ಬಿಚ್ಚಿಸಿ ನೋಡಿ, "ನಾಕು ದುಕಾನ ತಿರುಗಿ ಬರ್ತೀವಿ" ಎಂದು ಎದ್ದು ಹೋಗಿ, ನಾಲ್ಕು ತಿರುಗಿ, ಸುಸ್ತಾಗಿ, ಮತ್ತೆ ಮೊದಲನೆಯ ಅಂಗಡಿಗೇ ಬಂದು ಕೊಳ್ಳುವುದು. ನಡುವೆ ಮಂಡಕ್ಕಿ ಮಿರ್ಚಿಯವನಿಗೂ ಹೂವಿನವಳಿಗೂ ನಾಲ್ಕು ಕಾಸು. ಗಂಟೆಯ ಬಾಡಿಗೆ ಬಂದ ಮೇಲೆ ನಾಲ್ಕು ದುಕಾನು ತಿರುಗುವ ಪುಣ್ಯಾತ್ಮರು ಯಾರು? ತಲೆಯ ಹೆಲ್ಮೆಟ್ಟು ತೆಗೆಯದೆ, ಒಂದು ಕಾಲು ಮೆಟ್ಟಿಲ ಮೇಲೆ ಒಂದು ಕಾಲು ಕೆಳಗೆ ಇಟ್ಟುಕೊಂಡೇ ರೇಟು ಕೇಳತೊಡಗಿದರು. ಡಜನ್ ಬಳೆಗೆ ಬಂದವರಿಗೆ ಬಳೆಗಿಂತ ಗಾಡಿಯ ಬಾಡಿಗೆ ಹೆಚ್ಚು. ಮೂಗಿಗಿಂತ ಮೂಗುತಿ ಭಾರ.

ಇನ್ನೂ ಬುದ್ಧಿವಂತರಿದ್ದರು. ನಿಂತ ಗಾಡಿಗೆ ತಾನೆ ಬಾಡಿಗೆ? ಹೆಂಡತಿಯನ್ನು ಇಳಿಸಿ, ಗಂಡ ಬೈಕು ನಿಲ್ಲಿಸದೆ ಬಜಾರು ಸುತ್ತುವುದು. ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದು, "ಆತೇನ?" ಎಂದು ಕೂಗುವುದು. "ಇಲ್ಲ" ಎಂದರೆ ಇನ್ನೊಂದು ಸುತ್ತು. ಬಾಡಿಗೆ ಉಳಿಸಲು ಅದರ ನಾಲ್ಕು ಪಟ್ಟು ಪೆಟ್ರೋಲು ಸುಟ್ಟರೂ ಮುಖದಲ್ಲಿ ಗೆದ್ದ ಕಳೆ. ಗಾಡಿಗಳನ್ನು ಕಡಿಮೆ ಮಾಡಲು ಬರೆದ ಗೆರೆಯ ಸುತ್ತ ದಿನವಿಡೀ ಗಂಡಂದಿರು ಪ್ರದಕ್ಷಿಣೆ ಹಾಕುತ್ತಿದ್ದರು.

ಚೀಟಿ ಹರಿಯಲು ಒಬ್ಬ ಪೀಪಿಯವನನ್ನು ಇಟ್ಟಿದ್ದರು. ಗುತ್ತಿಗೆದಾರನ ಕಡೆಯವನು, ತಲೆಗೆ ಟೊಪ್ಪಿಗೆ, ಕೊರಳಿಗೆ ಪೀಪಿ. ಕೆಟ್ಟವನಲ್ಲ. ಒಂದು ದಿನ ನೆರಳಿಗೆಂದು ನನ್ನ ಮೆಟ್ಟಿಲ ಮೇಲೆ ಕುಳಿತಾಗ, "ನಿನ್ನ ಗಾಡಿ ಎಲ್ಲೆಪ್ಪಾ?" ಎಂದು ಕೇಳಿದೆ.

"ರೈಸ್ ಮಿಲ್ಲಿನ ಹಿಂದ ಹಚ್ಚಿ ನಡಕೊಂಡು ಬರ್ತೀನಿ ಅಕ್ಕಾರ. ಇಲ್ಲಿ ಹಚ್ಚಿದರ ನನ್ನ ಪಗಾರ ಗಾಡಿಗೇ ಹೊಕ್ಕೈತಿ."

ಮಸ್ಕಿಯ ವ್ಯಾಪಾರಿಗಳು ನಮ್ಮನ್ನು ನೋಡಿ ನಕ್ಕರಂತೆ. ಅಲ್ಲಿ ಗೆರೆಯಿಲ್ಲ, ಪೀಪಿಯಿಲ್ಲ, ನಮ್ಮ ಗಿರಾಕಿಗಳೆಲ್ಲ ಅತ್ತ ತಿರುಗಿದ್ದರು. ಆದರೆ ಮನುಷ್ಯ ಎಷ್ಟು ದಿನ ಸುಖವಾಗಿರಬಲ್ಲ? "ಸಿಂಧನೂರಿಗೆ ಐತಿ, ನಮಗ್ಯಾಕಿಲ್ಲ" ಎಂದು ಅವರಲ್ಲೂ ಕೆಲವರು ಅರ್ಜಿ ಬರೆಸುತ್ತಿದ್ದಾರೆಂದು ಕೇಳಿದೆ. ಪೇಢೆಗೆ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ.

ಹೀಗಿರುವಾಗ ಬಳಗಾನೂರು ಕಡೆಯ ಒಂದು ಮದುವೆ ಮನೆಯವರು ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು. ಆ ಮನೆಯ ಅಜ್ಜಿಗೆ ಮದುವೆ ಬಳೆ ಇಟ್ಟವರು ನಮ್ಮತ್ತೆ, ಅದೂ ಮಲಾರ ಹೊತ್ತು ಅವರ ಪಡಸಾಲೆಗೆ ಹೋಗಿ. ಅಜ್ಜಿಯ ಮಗಳಿಗೆ ಇಟ್ಟವಳು ನಾನು. ಈಗ ಮಗನ ಮಗಳ ಸರದಿ. ಟ್ರೇಲರಿನ ತುಂಬ ಹೆಂಗಸರು, ನಗು, ಎಲೆ ಅಡಿಕೆ. ತಿಂಗಳಿಂದ ಬಣಗುಡುತ್ತಿದ್ದ ಅಂಗಡಿ ತುಂಬಿದ್ದು ನೋಡಿ ಅತ್ತೆ ದಿಂಬು ಬಿಟ್ಟು ನೆಟ್ಟಗೆ ಕುಳಿತರು. ನನಗೂ ಕಣ್ಣು ತುಂಬಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮದುಮಗಳಿಗೆ ಬಳೆ ಇಡಲು ನಮ್ಮಲ್ಲಿ ಒಂದು ಕ್ರಮ ಇದೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಎಡಗೈಯಿಂದ ಶುರು ಮಾಡಬೇಕು. ಎರಡೂ ಕೈಗೆ ಹಸಿರು ಬಳೆ ತುಂಬುವ ತನಕ ಅವಳು ಮಣೆ ಬಿಟ್ಟು ಏಳಬಾರದು. ಒಂದು ಕೈ ತುಂಬಿ ಒಂದು ಕೈ ಬರಿದಾಗಿ ಎದ್ದರೆ ಮುಂದೇನಾಗುತ್ತದೆ ಎಂಬುದನ್ನು ಬಾಯಿಂದ ಆಡಲೂ ಹೆದರುತ್ತಾರೆ. ಗಾಜಿನ ಕೆಲಸ, ಅವಸರಕ್ಕೆ ಒಗ್ಗುವುದಿಲ್ಲ. ಗಂಟೆಯ ಲೆಕ್ಕ ಬರೆದವರು ತಮ್ಮ ಮನೆಯ ಹೆಂಗಸರಿಗೆ ಬಳೆ ಇಡಿಸಿದವರಲ್ಲ ಎಂದು ನನಗೆ ಖಾತ್ರಿ.

ಎಡಗೈ ಮುಗಿದಿತ್ತು. ಬಲಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಮೊದಲ ಬಳೆ ಕೈಗೆತ್ತಿಕೊಂಡಿದ್ದೆ. ಆಗ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದಿದ್ದ ಹುಡುಗಿಯ ಕಾಕಾ ಒಳಗೆ ನುಗ್ಗಿದ.

"ಏಳ್ರಿ, ಏಳ್ರಿ! ಟ್ರೇಲರಿನ ಹಿಂದಿನ ಗಾಲಿ ಗೆರಿ ದಾಟೈತಂತ. ಈಗಿಂದೀಗ ತಗೀಲಿಲ್ಲಂದ್ರ ಸರಪಳಿ ಹಾಕ್ತಾನಂತ."

ಬೋರ್ಡಿನಲ್ಲಿ ಬೈಕು ಇತ್ತು, ಕಾರು ಇತ್ತು, ಟ್ರ್ಯಾಕ್ಟರ್ ಇರಲಿಲ್ಲ. ಭತ್ತದ ಊರಿನ ಬಜಾರಿಗೆ ಟ್ರ್ಯಾಕ್ಟರ್ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಗೆರೆ ಎಳೆದದ್ದೂ ಕಾರಿನ ಅಳತೆಗೆ. ಅರ್ಧ ಹೆಂಗಸರು ಬರಿಗಾಲಲ್ಲೇ ಹೊರಗೆ ಓಡಿದರು. ಹುಡುಗಿ ಗಾಬರಿಯಾಗಿ ಏಳಹೋದಳು. ಅಜ್ಜಿ ಎರಡೂ ಕೈಯಿಂದ ಅವಳ ಭುಜ ಒತ್ತಿ ಹಿಡಿದಳು.

"ಎದ್ದಿ ಅಂದ್ರ ನೋಡು! ಮಣಿ ಬಿಡಬ್ಯಾಡ."

"ಯವ್ವಾ, ಜುಲ್ಮಾನಿ ಯಾರು ಕಟ್ಟಾರ? ನಾಳೆ ಮಸ್ಕ್ಯಾಗ ಇನ್ನೊಂದು ಕೈಗೆ ಇಡಿಸಿದರಾತು" ಎಂದ ಕಾಕಾ.

"ಒಂದು ಕೈ ಸಿಂಧನೂರಾಗ, ಒಂದು ಕೈ ಮಸ್ಕ್ಯಾಗ! ಗಂಡನ್ನೂ ಹಂಗ ಎರಡೂರಾಗ ನೋಡ್ತೀಯೇನಲೇ?" ಎಂದಳು ಅಜ್ಜಿ.

ಪೀಪಿ ಹತ್ತಿರವಾಯಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎತ್ರೇ ಮಣಿ" ಎಂದಳು. ನಾಲ್ಕು ಮಂದಿ ಗಟ್ಟಿ ಹೆಂಗಸರು ಮಣೆಯ ನಾಲ್ಕು ಮೂಲೆ ಹಿಡಿದು ಹುಡುಗಿ ಸಮೇತ ಎತ್ತಿಯೇ ಬಿಟ್ಟರು. ಮೆಟ್ಟಿಲಿಳಿಯುವಾಗ ಒಂದು ಮೂಲೆ ಜಾರಿತು. ಅದನ್ನು ಹಿಡಿದವನು ಪೀಪಿಯವನು. ಬಾಯಲ್ಲಿ ಪೀಪಿ ಕಚ್ಚಿಕೊಂಡೇ, ಪಲ್ಲಕ್ಕಿ ಹೊತ್ತವನ ಹಾಗೆ ಹೆಗಲು ಕೊಟ್ಟು, ಹಳದಿ ಗೆರೆ ದಾಟಿಸಿ, ಹುಡುಗಿಯನ್ನು ಟ್ರೇಲರಿಗೆ ಏರಿಸಿದ. ಆಮೇಲೆ ಟೊಪ್ಪಿಗೆ ಸರಿ ಮಾಡಿಕೊಂಡು ಜುಲ್ಮಾನೆಯ ಚೀಟಿ ಹರಿದು ಕೊಟ್ಟ. ಟ್ರ್ಯಾಕ್ಟರ್ ಎಂದು ಬೋರ್ಡಿನಲ್ಲಿ ಇಲ್ಲದ್ದರಿಂದ ಲಾರಿ ಎಂದು ಬರೆದಿದ್ದ.

"ನೀನೂ ಬಾರವ್ವಾ, ಕೈ ಹಂಗ ಬಿಡ್ತೀಯೇನು?" ಎಂದು ಅಜ್ಜಿ ಕೂಗಿದಳು. ಸಿಕ್ಕಷ್ಟು ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾನೂ ಹತ್ತಿದೆ. ಹಿಂತಿರುಗಿ ನೋಡಿದರೆ ಅಂಗಡಿಯ ಬಾಗಿಲಲ್ಲಿ ಅತ್ತೆ ಒಬ್ಬರೇ ನಿಂತಿದ್ದರು.

ಕುಲುಕುವ ಟ್ರೇಲರಿನಲ್ಲಿ ಗಾಜಿನ ಬಳೆ ಇಡಲಾಗುವುದಿಲ್ಲ. ಎಲ್ಲಾದರೂ ನಿಲ್ಲಿಸೋಣವೆಂದರೆ ನಿಂತಲ್ಲೆಲ್ಲ ಬೋರ್ಡು. ಮದುಮಗಳು ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದಳು. ಕಡೆಗೆ ಊರು ದಾಟಿ, ಕಾಲುವೆಯ ದಂಡೆಯಲ್ಲಿ ಒಂದು ಬೇವಿನ ನೆರಳು ಸಿಕ್ಕಿತು. ಅಲ್ಲಿ ಗೆರೆ ಎಳೆಯಲು ಇನ್ನೂ ಯಾರೂ ಬಂದಿರಲಿಲ್ಲ.

ಬಲಗೈಗೆ ಬಳೆ ತುಂಬಿದೆ. ಒಂದೂ ಒಡೆಯಲಿಲ್ಲ. ಹುಡುಗಿ ಮಣೆಯಿಂದ ಎದ್ದು, ಎರಡೂ ಕೈಯ ಬಳೆ ಕಣ್ಣಿಗೊತ್ತಿಕೊಂಡು ನನ್ನ ಕಾಲು ಮುಟ್ಟಿದಾಗ ಹೆಂಗಸರೆಲ್ಲ ಹೋ ಎಂದರು. ಉಳಿದವರೂ ಒಬ್ಬೊಬ್ಬರಾಗಿ ಕೈ ಚಾಚಿದರು, ದಾರಿಯಲ್ಲಿ ಹೋಗುತ್ತಿದ್ದ ನಾಟಿ ಕೆಲಸದ ಹೆಣ್ಣುಮಕ್ಕಳೂ ಬಂದು ಕುಳಿತರು. ತಂದ ಬಳೆಯೆಲ್ಲ ಖಾಲಿ. ಅಂಗಡಿಯಲ್ಲಿ ತಿಂಗಳಿಂದ ಆಗದ ವ್ಯಾಪಾರ ಬೇವಿನ ಮರದ ಬುಡದಲ್ಲಿ ಆಯಿತು.

ಹೊರಡುವಾಗ ಅಜ್ಜಿ ನನ್ನ ಗದ್ದ ಹಿಡಿದು, "ಇನ್ನ ಮ್ಯಾಲ ನೀನ ನಮ್ಮೂರಿಗೆ ಬಾರವ್ವಾ. ನಿಮ್ಮ ಊರ ಕಿರಿಕಿರಿ ಬ್ಯಾಡ. ನಿಮ್ಮತ್ತಿ ಬರ್ತಿದ್ದಿಲ್ಲೇನು ಮೊದಲ?" ಎಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಎದೆಗೆ ಒದ್ದ ಹಾಗಾಯಿತು.

ಆಮೇಲೆ ಹಳ್ಳಿಗಳಿಂದ ಫೋನು ಬರತೊಡಗಿತು. "ಯಕ್ಕಾ, ಯಾವಾಗ ಬರ್ತಿ?" ಎಂದು ಕೇಳುವವರೇ ಎಲ್ಲ. ಅಂಗಡಿ ತೆರೆದಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಎದುರಿನ ಪಾತ್ರೆ ಅಂಗಡಿಯವನು, ಪೇಢೆ ಹಂಚಿದ್ದವನು, ಆಗಲೇ ಒಂದು ಆಟೋದಲ್ಲಿ ಕೊಡ ಬಿಂದಿಗೆ ತುಂಬಿಕೊಂಡು ಮೈಕು ಹಚ್ಚಿ ಹಳ್ಳಿ ಹಿಡಿದಿದ್ದ. ನಾನು ಹಬ್ಬದ ತನಕ ನೋಡೋಣ ಎಂದು ತಳ್ಳುತ್ತ ಬಂದೆ. ಹಬ್ಬವೂ ಬಂತು. ಗಿರಾಕಿಗಳು ಬರಲಿಲ್ಲ.

ಒಂದು ಮುಂಜಾನೆ ಅಂಗಡಿಯಲ್ಲಿ ಹಗ್ಗ ಹಿಡಿದು ಕುಳಿತೆ. ಇಷ್ಟು ವರ್ಷ ಸಾವಿರಾರು ಕೈಗಳಿಗೆ ಬಳೆ ಇಟ್ಟವಳಿಗೆ ಮಲಾರ ಕಟ್ಟಲು ಬರಲಿಲ್ಲ. ಪೋಣಿಸಿದೆ, ಎತ್ತಿದೆ, ಗಂಟು ಸಡಿಲಾಗಿ ಒಂದು ಸಾಲು ಬಳೆ ನೆಲಕ್ಕೆ ಬಿದ್ದು ಚೂರಾಯಿತು. ಸದ್ದಿಗೆ ಅತ್ತೆ ದಿಂಬು ಬಿಟ್ಟು ಎದ್ದು ಬಂದರು. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ, ಹಗ್ಗ ಹೊಸೆದು, ಮೊದಲಿನಿಂದ ಕಟ್ಟತೊಡಗಿದರು. ಅರ್ಧ ಶತಮಾನದ ಹಿಂದಿನ ಗಂಟು ಅವರ ಬೆರಳಿಗೆ ಇನ್ನೂ ನೆನಪಿತ್ತು.

"ಅತ್ತೀ, ಈ ಗಂಟು ನನಗ್ಯಾಕ ಕಲಿಸಲಿಲ್ಲರಿ?" ಎಂದೆ.

ಅವರು ಹಗ್ಗದಿಂದ ಕಣ್ಣು ತೆಗೆಯಲಿಲ್ಲ.

"ನಿನಗ ಕಲಿಸೂ ಹೊತ್ತು ಬರಬಾರದು ಅಂತನ ಅಂಗಡಿ ಹಾಕಿದ್ದೆ."

ಮಲಾರವನ್ನು ಅವರೇ ಎತ್ತಿ ನನ್ನ ಹೆಗಲಿಗೆ ಹಾಕಿ, ಭಾರ ಸರಿಯಾಗಿ ಕುಳಿತಿದೆಯೇ ಎಂದು ಎರಡೂ ಕಡೆ ಮುಟ್ಟಿ ನೋಡಿದರು. ಮೆಟ್ಟಿಲಿಳಿದರೆ ಹಳದಿ ಗೆರೆಯೊಳಗೆ ಈ ತುದಿಯಿಂದ ಆ ತುದಿಯ ತನಕ ಒಂದೂ ಗಾಡಿ ಇರಲಿಲ್ಲ. ಪೀಪಿಯವನು ನನ್ನನ್ನು ನೋಡಿ ಎದ್ದು ನಿಂತು, ಟೊಪ್ಪಿಗೆ ತೆಗೆದು, ದಾರಿ ಬಿಟ್ಟ.