ಎರಡು ಮಡಿಲು ದಾಟಿದ ಚೀಲ

ತಮಿಳುನಾಡಿನ ನಿಲಕ್ಕೋಟ್ಟೈ ಟೌನ್ ಬಸ್ಸಿನಲ್ಲಿ ಕೂತವರ ಮಡಿಲು ನಿಂತವರ ಸ್ವತ್ತು. ನಿಂತವರು ಚೀಲ ಚಾಚುತ್ತಾರೆ, ಹತ್ತಿರ ಕೂತವರು ಇಸಿದುಕೊಳ್ಳುತ್ತಾರೆ. ಯಾರದು ಎಂದು ಯಾರೂ ಕೇಳುವುದಿಲ್ಲ.

ಹತ್ತನೇ ತರಗತಿಯ ಸೆಲ್ಲಾಯಿ ಮೊದಲ ನಿಲ್ದಾಣದಲ್ಲೇ ಹತ್ತಿ ಕಿಟಕಿ ಪಕ್ಕ ಕೂರುವವಳು. ಆಮೇಲೆ ಹತ್ತುವ ಇನ್ಬರಾಜನ ಚೀಲ ಆರು ತಿಂಗಳು ಅವಳ ಮಡಿಲಲ್ಲೇ ಶಾಲೆಗೆ ಹೋಯಿತು. ಇಳಿಯುವಾಗ ಅವನು "ಭಾರ ಆಯ್ತಾ ಸೆಲ್ಲಾಯಿ?" ಎನ್ನುತ್ತಿದ್ದ, ಇವಳು "ಇಲ್ಲಪ್ಪ" ಎನ್ನುತ್ತಿದ್ದಳು. ಅವರ ಪ್ರೀತಿಯೆಂದರೆ ಇಷ್ಟೇ. ಅವನ ಬಾಯಲ್ಲಿ ತನ್ನ ಹೆಸರು ಕೇಳಿದರೆ ಸಾಕು, ಅವಳು ಮಧ್ಯಾಹ್ನ ಬುತ್ತಿ ಬಿಚ್ಚುವುದನ್ನೇ ಮರೆಯುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ, ಮುಡಿಯಿಂದ ಒಂದು ತುಂಡು ಮಲ್ಲಿಗೆ ಕಿತ್ತು ಅವನ ಚೀಲಕ್ಕೆ ಹಾಕಿದಳು.

ಹಾಳಾದ್ದು, ಅವತ್ತೇ ಅವಳ ಸೋದರಮಾವ ಚಿನ್ನಕರುಪ್ಪನ್ ಹಿಂದಿನ ಸೀಟಿನಲ್ಲಿದ್ದ. ಇನ್ಬರಾಜ್ ಅಭ್ಯಾಸಬಲದಿಂದ ಇಬ್ಬರು ಹೆಂಗಸರನ್ನು ದಾಟಿಸಿ ಅವಳಿಗೇ ಚೀಲ ಕೊಟ್ಟಿದ್ದನ್ನು ಮಾವ ನೋಡಿದ್ದ.

"ಎರಡು ಮಡಿಲು ಖಾಲಿ ಇದ್ವಲ್ಲೋ, ಇವಳದೇ ಯಾಕೆ ಬೇಕಾಯ್ತು? ಏನಾಗ್ಬೇಕು ಇವಳು ನಿಂಗೆ?"

ಸೆಲ್ಲಾಯಿ ಇನ್ಬರಾಜನ ಮುಖವನ್ನೇ ನೋಡಿದಳು. 'ನಮ್ಮ ಶಾಲೆ ಹುಡುಗಿ' ಎಂದಿದ್ದರೂ ಸಾಕಿತ್ತು.

"ಯಾರೋ ಗೊತ್ತಿಲ್ಲಣ್ಣ. ಹೆಸರೂ ಗೊತ್ತಿಲ್ಲ."

ಮಾವ ಚೀಲ ಕಿತ್ತು ಕೊಡವಿದ. ಪುಸ್ತಕಗಳ ಜೊತೆ ಮಲ್ಲಿಗೆಯೂ ಬಿತ್ತು.

"ನಿನ್ನ ಹೆಸರೂ ಗೊತ್ತಿಲ್ಲದವನಿಗೆ ಹೂವು ಕೊಡ್ತೀಯೇನೇ?"

ಹಾಗೆ ತಪ್ಪೆಲ್ಲ ಅವಳೊಬ್ಬಳದೇ ಆಯಿತು. ಇನ್ಬರಾಜ್ ಪುಸ್ತಕ ಆಯ್ದುಕೊಂಡು ಇಳಿದ, ಪರೀಕ್ಷೆ ಬರೆದ, ಪಾಸಾದ. ಸೆಲ್ಲಾಯಿಯ ಶಾಲೆ ಬಿಡಿಸಿದರು, ಅವಳ ಚೀಲ ಗೂಟಕ್ಕೆ ಬಿತ್ತು. ಹದಿನೆಂಟು ತುಂಬಿದ ಮರುತಿಂಗಳು ಅದೇ ಮಾವ ತಾಳಿ ಕಟ್ಟಿದ. ಅವರಲ್ಲಿ ಅದು ಮಾವನ ಹಕ್ಕು. ಸಾರಿಗೆ ಉಪ್ಪು ಹೆಚ್ಚಾದರೂ, "ಬಸ್ಸಲ್ಲಿ ಹೂವು ಹಂಚಿದವಳಲ್ವಾ ನೀನು" ಎಂದು ಇವತ್ತಿಗೂ ಚುಚ್ಚುತ್ತಾನೆ. ಇನ್ಬರಾಜನ ಮೇಲಿನ ಅವಳ ಸಿಟ್ಟು ಮಾತ್ರ ಇವನ ಮೇಲಿನದಕ್ಕಿಂತ ದೊಡ್ಡದು.

ಈಗ ಅವಳಿಗೆ ನಲವತ್ತೆರಡು. ಮೊನ್ನೆ ಮಾರುಕಟ್ಟೆಗೆ ಹೂವು ಒಯ್ಯಲು ಅದೇ ಬಸ್ಸು ಹತ್ತಿದಾಗ, ಶಾಲೆಗೆ ಹೊರಟ ಮಗಳು ಮುಲ್ಲೈ ಅವಳ ಆಚೆ ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ತುಂಬಿತು. ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಸೆಲ್ಲಾಯಿಯನ್ನು ದಾಟಿಸಿ ಮುಲ್ಲೈಗೆ ಚೀಲ ಚಾಚಿದ. ಮುಲ್ಲೈ ನೋಡದೆಯೇ ಕೈ ನೀಡಿದಳು. ಸೆಲ್ಲಾಯಿ ನಡುವೆಯೇ ಚೀಲ ಹಿಡಿದುಕೊಂಡಳು.

"ನಾನು ಇವಳಮ್ಮ. ಹೆದರ್ಕೋಬೇಡಪ್ಪ, ಬೈಯಲ್ಲ. ಇವಳ ಹೆಸರೇನು, ಅಷ್ಟು ಹೇಳು ಸಾಕು."

ಹೇಳಲಿ ಎಂದು ಅವಳು ಊರ ಕಾಳಿಯಮ್ಮನಿಗೆ ಹರಕೆ ಹೊತ್ತಂತೆ ಬೇಡಿಕೊಂಡಳು. ಹುಡುಗ ಮುಲ್ಲೈಯ ಮುಖ ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ.

"ಗೊತ್ತಿಲ್ಲ ಅಕ್ಕಾ."

ಸೆಲ್ಲಾಯಿ ಚೀಲವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಮಗಳ ಕಡೆ ತಿರುಗಿದಳು.

"ಕೇಳಿಸ್ಕೊಂಡ್ಯಾ?"